ಪರದೇಶಯಾತ್ರೆಯಲ್ಲಿ ಕ್ಯಾಮರಾದ ಯೋಗಕ್ಷೇಮ

ಇಲ್ಲದುದನ್ನು ಸಂಪಾದಿಸುವುದು ಯೋಗವೆಂದೂ, ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ನಮ್ಮ ಪೂರ್ವಿಕರು ವಿಂಗಡಿಸಿರುವರು. ಇವೆರಡರಲ್ಲಿ ಕ್ಷೇಮವೇ ಹೆಚ್ಚು ಕಷ್ಟವಾದುದೆಂಬುದನ್ನು ಸಂಸಾರಿಗಳಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.

ನಮ್ಮ ಸಂತೆಕಲ್ಲೂರಿನಂತಹ ಊರುಗಳಿಂದಲೂ ಈಗ ಮಕ್ಕಳು ವಿದ್ಯೆಗಾಗಿ ಕಡಲಾಚೆಗೆ ಹೋಗುತ್ತಿರುವರು. ಕಳೆದ ವರ್ಷ ನಮ್ಮ ಮಗಳ ಮಗನು ಜರ್ಮನಿಗೆ ಹೊರಟಾಗ, ಅವನ ಸಾಮಾನಿನಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು ಒಂದು ಕ್ಯಾಮರಾ. ಅದರೊಳಗಿನ ಕಾರ್ಡಿನಲ್ಲಿ, ಈಗ ದಿವಂಗತೆಯಾಗಿರುವ ಅವನ ಅಜ್ಜಿಯು ರೊಟ್ಟಿ ಬಡಿಯುತ್ತ ನಕ್ಕ ಚಿತ್ರವೊಂದಿದ್ದಿತು. ಅದಕ್ಕೆ ಬೇರೆ ಪ್ರತಿಯಿರಲಿಲ್ಲ.

“ಅಜ್ಜಾ, ಕ್ಯಾಮರಾಕ್ಕೆ ವಿಮೆ ಮಾಡಿಸೀನಿ” ಎಂದು ಅವನು ಧೈರ್ಯ ಹೇಳಿದನು.

“ತಮ್ಮಾ, ವಿಮೆಯವರು ಯಂತ್ರದ ಬೆಲೆ ಕೊಟ್ಟಾರು, ನಿಮ್ಮಜ್ಜಿಯ ನಗೆಯನ್ನು ಎಲ್ಲಿಂದ ತಂದುಕೊಟ್ಟಾರು?” ಎಂದೆವು.

ಅವನು ಮರುಮಾತಾಡಲಿಲ್ಲ. ಆ ರಾತ್ರಿಯೇ ಚಿತ್ರಗಳಿಗೆಲ್ಲ ಎರಡು ಪ್ರತಿಗಳಾದವು. ಒಂದು ನಮ್ಮ ಮನೆಯ ಕಪಾಟಿನಲ್ಲಿ ಉಳಿಯಿತು, ಇನ್ನೊಂದು ಕ್ಯಾಮರಾದಿಂದ ಬೇರೆಯಾದ ಚೀಲದಲ್ಲಿ ಅವನೊಡನೆ ಹೋಯಿತು. ಯಂತ್ರವು ಬೇರೆ, ಚಿತ್ರವು ಬೇರೆ. ಎರಡಕ್ಕೂ ಬೇರೆ ಬೇರೆ ರಕ್ಷಣೆ ಬೇಕು.

ಇದಕ್ಕೆ ನಮ್ಮ ಸೀಮೆಗೆ ದೂರವಲ್ಲದ ಹಂಪೆಯೇ ನಿದರ್ಶನವು. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು ಅಲ್ಲಿಯ ಗುಡಿಗೋಪುರಗಳ ಪ್ರತಿಬಿಂಬವನ್ನು ಮೇಣ ಹೀರಿಸಿದ ದೊಡ್ಡ ಕಾಗದಗಳ ಮೇಲೆ ಹಿಡಿದರು. ಆ ಕಾಗದಗಳು ಸಮುದ್ರ ದಾಟಿ ಇಂಗ್ಲೆಂಡಿನಲ್ಲಿ ಉಳಿದುಬಂದವು. ಆದುದರಿಂದಲೇ 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬವರು ಅದೇ ಸ್ಥಳಗಳಲ್ಲಿ ನಿಂತು ಪುನಃ ಚಿತ್ರ ತೆಗೆದು, ಹಳೆಯದಕ್ಕೂ ಹೊಸದಕ್ಕೂ ಇರುವ ಭೇದವನ್ನು ತೋರಿಸಲು ಸಾಧ್ಯವಾಯಿತು. ನಮಗೆ ಇಂದು ಬೇಕಾದುದು ಗ್ರೀನ್‌ಲಾರವರ ಚಿತ್ರಗಳೇ ಹೊರತು ಕ್ಯಾಮರಾ ಅಲ್ಲ.

ಹಾಗೆಂದು ಯಂತ್ರವನ್ನು ಉಪೇಕ್ಷಿಸಲಾಗದು. ವಿಮಾನದಲ್ಲಿ ಅದನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಒಯ್ಯತಕ್ಕದ್ದು. ಬಿಡಿಯಾದ ಲಿಥಿಯಂ ಬ್ಯಾಟರಿಗಳನ್ನಂತೂ ಒಪ್ಪಿಸುವ ಸಾಮಾನಿನಲ್ಲಿ ಇಡಲೇಕೂಡದು. ಅವುಗಳ ತುದಿಗೆ ಲೋಹವು ತಾಗಿದರೆ ಕಾದು ಬೆಂಕಿ ಹತ್ತಬಹುದು, ಕಣ್ಣೆದುರಿಗಿದ್ದರೆ ನಂದಿಸುವವರುಂಟು. ಆದುದರಿಂದ ತುದಿಗಳಿಗೆ ಪಟ್ಟಿ ಅಂಟಿಸಿಕೊಳ್ಳಬೇಕು. 100 ವಾಟ್-ಗಂಟೆಯವರೆಗಿನವನ್ನು ಸಾಮಾನ್ಯವಾಗಿ ಜೊತೆಯಲ್ಲಿ ಒಯ್ಯಬಹುದು. 7.2 ವೋಲ್ಟಿನ 2,280 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಯು ಸುಮಾರು 16.4 ವಾಟ್-ಗಂಟೆ ಮಾತ್ರವಾಗುವುದರಿಂದ ಭಯಕ್ಕೆ ಕಾರಣವಿಲ್ಲ.

ಒಪ್ಪಿಸಿದ ಸಾಮಾನು ಕಳೆದರೆ ಪರಿಹಾರ ದೊರೆಯುವುದೇನೋ ನಿಜ. ಭಾರತವು 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದದಂತೆ, 2024ರ ಡಿಸೆಂಬರ್ 28ರಿಂದ ಅದರ ಮಿತಿಯು ಒಬ್ಬ ಪ್ರಯಾಣಿಕನಿಗೆ 1,519 ಎಸ್.ಡಿ.ಆರ್. ಎಂಬ ಅಂತರರಾಷ್ಟ್ರೀಯ ಲೆಕ್ಕದ ಮೊತ್ತವು. ಆದರೆ ಆ ಮಿತಿಯು ಬಟ್ಟೆಬರೆ ಸಹಿತ ಎಲ್ಲ ಸಾಮಾನಿಗೂ ಸೇರಿದ್ದು. ಒಪ್ಪಿಸಿದ ಪೆಟ್ಟಿಗೆಗೆ ಹಾನಿಯಾಗಿದ್ದರೆ, ಅದು ಕೈಸೇರಿದ ಏಳು ದಿನಗಳೊಳಗೆ ಬರೆಹದ ಮೂಲಕ ದೂರು ಕೊಡತಕ್ಕದ್ದು.

ಹೊರಡುವ ದಿನ ವಿಮಾನನಿಲ್ದಾಣದ ಸುಂಕದ ಅಧಿಕಾರಿಗಳಿಗೆ ಕ್ಯಾಮರಾವನ್ನು ತೋರಿಸಿ, ಅದರ ಕ್ರಮಸಂಖ್ಯೆ ಬರೆಯಿಸಿ, ರಫ್ತು ಪ್ರಮಾಣಪತ್ರ ಪಡೆದುಕೊಳ್ಳುವುದು ವಿವೇಕವು. ಹಿಂದಿರುಗುವಾಗ ಇದು ಹೊರದೇಶದಲ್ಲಿ ಕೊಂಡುದಲ್ಲವೆಂದು ಸಾಧಿಸಲು ಅದೇ ಸಾಕ್ಷಿಯಾಗುವುದು.

ಪರದೇಶದಲ್ಲಿ ಹವೆಯೂ ಶತ್ರುವಾಗಬಹುದು. ನಮ್ಮ ಕಡೆಯ ಯಂತ್ರಕ್ಕೆ ಬಿಸಿಲಿನ ಮತ್ತು ಎರೆಮಣ್ಣಿನ ಧೂಳಿನ ಪರಿಚಯವುಂಟೇ ಹೊರತು ಹಿಮದ ಪರಿಚಯವಿಲ್ಲ. ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದೊಡನೆ ಮಸೂರದ ಮೇಲೆ ನೀರು ಹನಿಗಟ್ಟುವುದು. ಹೊರಗಿರುವಾಗಲೇ ಬಿಗಿಯಾದ ಚೀಲದಲ್ಲಿ ಮುಚ್ಚಿ, ಒಳಗೆ ಬಂದು ಅದು ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆದರೆ ಹಾನಿಯಿಲ್ಲ. ರೈಲು ನಿಲ್ದಾಣಗಳಲ್ಲಿ ಕುಳಿತಾಗ ಚೀಲದ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡಿರಬೇಕು. ಬೆಲೆಯನ್ನು ಸಾರಿ ಹೇಳುವ ಥಳಥಳಿಸುವ ಚೀಲಕ್ಕಿಂತ ಮಾಸಿದ ಚೀಲವೇ ಲೇಸು.

ಈ ಕೆಲಸದಲ್ಲಿ ಮನೆಯಲ್ಲಿ ಉಳಿದವರಿಗೂ ಪಾಲುಂಟು. ಕ್ಯಾಮರಾದ ಕ್ರಮಸಂಖ್ಯೆ, ಕೊಂಡ ರಸೀದಿ, ವಿಮೆಯ ಪತ್ರ ಇವುಗಳ ಪ್ರತಿಗಳು ತಾಯಿತಂದೆಗಳ ಬಳಿಯಲ್ಲಿಯೂ ಇರಲಿ. ಮಕ್ಕಳು ಆಗಾಗ ಚಿತ್ರಗಳನ್ನು ಕಳುಹಿಸಿದಾಗ ನೋಡಿ ಸಂತೋಷಪಟ್ಟು ಬಿಡದೆ, ಒಂದು ಕಡೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ಅಷ್ಟಾದರೆ ದೂರದೇಶದಲ್ಲಿ ಯಂತ್ರವೇ ಕಳವಾದರೂ, ಮನೆಯವರ ಮುಖಗಳು ಮನೆಯಲ್ಲಿಯೇ ಉಳಿದಿರುವುವು.