ಘಟ್ಟದ ದಾರಿಯಲ್ಲಿ ಬೆಲ್ಟಿನ ಕೂಗು

ಧಾರವಾಡದಿಂದ ಕಲಘಟಗಿ, ಕಿರವತ್ತಿ, ಯಲ್ಲಾಪುರಗಳ ಮೇಲೆ ಹಾಯ್ದು ಅಂಕೋಲೆಗೆ ಇಳಿಯುವ ದಾರಿಯು ಬಯಲುಸೀಮೆಯನ್ನು ಕಡಲಿನೊಡನೆ ಕೂಡಿಸುವ ದಾರಿಗಳಲ್ಲಿ ಮುಖ್ಯವಾದುದು. ಹುಬ್ಬಳ್ಳಿ–ಅಂಕೋಲೆ ರೈಲುಮಾರ್ಗದ ಮಾತು ದಶಕಗಳಿಂದ ನಡೆದಿದ್ದರೂ ರೈಲು ಈ ಘಟ್ಟವನ್ನು ಇನ್ನೂ ಇಳಿದಿಲ್ಲ. ಆದ್ದರಿಂದ ಬಸ್ಸಿಗೂ ಲಾರಿಗೂ ಗೃಹಸ್ಥರ ಸಣ್ಣ ವಾಹನಕ್ಕೂ ಈ ಹೆದ್ದಾರಿಯೇ ಗತಿ. ಮೊದಲು 63ನೆಯ ಸಂಖ್ಯೆಯಿಂದ ಕರೆಯಲ್ಪಡುತ್ತಿದ್ದ ಈ ಹೆದ್ದಾರಿಗೆ ಈಗಿನ ಸಂಖ್ಯೆ 52.

ಈ ದಾರಿಗೆ ಒಂದು ನದಿಯ ಜೊತೆಯುಂಟು. ಧಾರವಾಡದ ಬಳಿಯ ಸೋಮೇಶ್ವರದಲ್ಲಿ ಉಗಮಿಸುವ ಶಾಲ್ಮಲೆಯು ಕಲಘಟಗಿಯ ಸೀಮೆಯಲ್ಲಿ ಬೇಡ್ತಿಯ ಹರಿವನ್ನು ಕೂಡುತ್ತದೆ. ಬೇಡ್ತಿಯು ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಮುಂದೆ ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆ–ಗೋಕರ್ಣಗಳ ನಡುವೆ ಸಮುದ್ರವನ್ನು ಸೇರುತ್ತದೆ. ನೀರಿಗೆ ಇಳಿಯುವುದೊಂದೇ ಕೆಲಸ. ವಾಹನವಾದರೋ ಇಳಿದ ಘಟ್ಟವನ್ನು ಮತ್ತೆ ಏರಲೇಬೇಕು. ಹಳೆಯ ಗಾಡಿಯವರು ಮನೆ ಬಿಡುವ ಮೊದಲೇ ನೆನೆಯಬೇಕಾದ ಮಾತು ಇದು.

ಕಳೆದ ಮೇ ತಿಂಗಳಲ್ಲಿ ನಾವು ಮನೆಮಂದಿ ಐವರು ಈ ದಾರಿಯಲ್ಲಿ ಹೊರಟೆವು. ವಾಹನವು ನಮ್ಮ ತಮ್ಮನ ಮಗನದು. ಅವನ ತಂದೆಯ ಕಾಲದ ಅಂಬಾಸಿಡರ್. ಪಶ್ಚಿಮ ಬಂಗಾಲದ ಉತ್ತರಪಾಡಾದ ಕಾರಖಾನೆಯು ಈ ಗಾಡಿಯ ತಯಾರಿಕೆಯನ್ನು 2014ರಲ್ಲಿ ನಿಲ್ಲಿಸಿತು; ಉಳಿದವುಗಳನ್ನು ಜನರು ಪ್ರೀತಿಯಿಂದಲೋ ಅನಿವಾರ್ಯದಿಂದಲೋ ನಡೆಸಿಕೊಂಡು ಬಂದಿದ್ದಾರೆ. ಹಿಂದಿನ ವಾರದಿಂದ ಅದರ ಇಂಜಿನ್ನಿನಲ್ಲಿ ಬೆಳಗಿನ ಹೊತ್ತು ಕೀಚಲು ಕೂಗೊಂದು ಕೇಳುತ್ತಿತ್ತು. ಊರಿನ ಒಂದು ಗ್ಯಾರೇಜಿನವರು ಕಿವಿಗೊಟ್ಟು ಕೇಳದೆಯೇ ಬೆಲ್ಟು, ಡೈನಮೊ, ವಾಟರ್ ಪಂಪು ಮೂರನ್ನೂ ಬದಲಿಸಬೇಕೆಂದು ಹದಿನಾಲ್ಕು ಸಾವಿರ ರೂಪಾಯಿಗಳ ಲೆಕ್ಕ ಬರೆದುಕೊಟ್ಟಿದ್ದರು. ಮಗಳ ಕಾಲೇಜು ಪ್ರವೇಶದ ಹಣ ಜೂನ್ ಮೊದಲ ವಾರಕ್ಕೆ ಕಟ್ಟಬೇಕಾಗಿತ್ತು. ಕೈಯಲ್ಲಿದ್ದುದು ಒಂದೇ ಗಂಟು. ರಿಪೇರಿಗೆ ಕೊಟ್ಟರೆ ಪ್ರವೇಶಕ್ಕಿಲ್ಲ. ಕೊಡದಿದ್ದರೆ ಘಟ್ಟದಲ್ಲಿ ಹೆಂಗಸರು ಮಕ್ಕಳೊಡನೆ ನಿಲ್ಲುವ ಭಯ.

ಇಂತಹ ಇಕ್ಕಟ್ಟಿನಲ್ಲಿ ಗೃಹಸ್ಥರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಹೆದರಿ ಎಲ್ಲವನ್ನೂ ಬದಲಿಸುತ್ತಾರೆ, ಇಲ್ಲವೆ ಕಿವಿ ಮುಚ್ಚಿಕೊಂಡು ನಡೆಸುತ್ತಾರೆ. ಮೂರನೆಯ ದಾರಿಯೊಂದುಂಟು. ಕೂಗಿನ ಮೂಲವನ್ನು ತಿಳಿದು, ಇಂದು ಮಾಡಬೇಕಾದುದನ್ನು ಇಂದು ಮಾಡಿ, ನಾಳೆಗೆ ತಾಳುವುದನ್ನು ನಾಳೆಗೆ ಬಿಡುವುದು.

ಆ ಗಾಡಿಯಲ್ಲಿ ಇಂಜಿನ್ನಿನ ಮುಂದೆ ಇರುವುದು ಒಂದೇ ಬೆಲ್ಟು. ಅದು ಫ್ಯಾನನ್ನೂ ವಾಟರ್ ಪಂಪನ್ನೂ, ನಮ್ಮ ಕಡೆ ಈಗಲೂ ಡೈನಮೊ ಎಂದೇ ಕರೆಯುವ ಆಲ್ಟರ್ನೇಟರನ್ನೂ ಕೂಡಿಯೇ ತಿರುಗಿಸುತ್ತದೆ. ಬೆಲ್ಟು ಹರಿದರೆ ಬ್ಯಾಟರಿಗೆ ವಿದ್ಯುತ್ತಿಲ್ಲ, ಇಂಜಿನ್ನಿನಲ್ಲಿ ನೀರಿನ ಓಡಾಟವಿಲ್ಲ, ರೇಡಿಯೇಟರಿಗೆ ಗಾಳಿಯಿಲ್ಲ. ಕೆಲವೇ ನಿಮಿಷಗಳಲ್ಲಿ ಇಂಜಿನ್ ಕುದಿಯುತ್ತದೆ. ಆದರೆ ಕೂಗಿದ ಬೆಲ್ಟೆಲ್ಲ ಹರಿಯುವ ಬೆಲ್ಟಲ್ಲ. ಹಿಂದಿನ ರಾತ್ರಿ ಅಡ್ಡಮಳೆ ಬಿದ್ದು ಹವೆ ತೇವವಾಗಿದ್ದಾಗ, ಚಾಲೂ ಮಾಡಿದ ಕೂಡಲೆ ಹತ್ತು ಎಣಿಸುವಷ್ಟು ಹೊತ್ತು ಕೂಗಿ ಸುಮ್ಮನಾದರೆ ಅದು ತೇವದ ಕೂಗು; ಚಿಂತೆಗೆ ಕಾರಣವಿಲ್ಲ. ನಮ್ಮ ಗಾಡಿಯೂ ಮೊದಲು ಹಾಗೆಯೇ ಕೂಗುತ್ತಿತ್ತು. ಕಲಘಟಗಿ ದಾಟಿ ತೇಗದ ಕಾಡು ಆರಂಭವಾದ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿಯೂ ಆಕ್ಸಿಲರೇಟರ್ ತುಳಿದಾಗಲೆಲ್ಲ ಕೂಗು ಏಳತೊಡಗಿತು. ಆಗ ಯಲ್ಲಾಪುರದಲ್ಲಿ ತೋರಿಸಿಕೊಂಡೇ ಮುಂದೆ ಹೋಗುವುದೆಂದು ನಿಶ್ಚಯಿಸಿದೆವು.

ಯಲ್ಲಾಪುರವು ಘಟ್ಟದ ತಲೆಬಾಗಿಲು. ಸುತ್ತಲೂ ಕಾಡು ಮತ್ತು ಅಡಿಕೆಯ ತೋಟಗಳು. ಇಳಿಯುವವರು ಬ್ರೇಕು ನೋಡಿಕೊಳ್ಳುವುದೂ ಏರಿಬಂದವರು ಇಂಜಿನ್ ಆರಿಸಿಕೊಳ್ಳುವುದೂ ಇಲ್ಲಿಯೇ. 2010ರಲ್ಲಿ ರಾಜ್ಯ ಸರಕಾರವು ಕಬ್ಬಿಣದ ಅದಿರಿನ ರಫ್ತನ್ನು ತಡೆಯುವ ತನಕ ಬಳ್ಳಾರಿ, ಹೊಸಪೇಟೆಗಳ ಅದಿರಿನ ಲಾರಿಗಳು ಬೇಲೇಕೇರಿ ಬಂದರಿಗೆ ಹೋಗುತ್ತಿದ್ದುದೂ ಇದೇ ದಾರಿಯಲ್ಲಿ. ಹೆದ್ದಾರಿಯ ಬದಿಯ ತಗಡಿನ ಚಪ್ಪರವೊಂದರಲ್ಲಿ ಹುಬ್ಬಳ್ಳಿಯ ಕಡೆಯಿಂದ ಬಂದು ನೆಲೆಸಿದ ಮೇಸ್ತ್ರಿಯೊಬ್ಬರು ಸಿಕ್ಕರು. ಅದಿರಿನ ಲಾರಿಗಳ ಕಾಲದಿಂದಲೂ ಅದೇ ಜಾಗದಲ್ಲಿ ಕಾಯಕ ಮಾಡಿದವರು.

ಅವರು ಮೊದಲು ಪಾನಾ ಹಿಡಿಯಲಿಲ್ಲ, ಪ್ರಶ್ನೆ ಕೇಳಿದರು. ಕೂಗು ಯಾವಾಗ ಬರುತ್ತದೆ? ಲೈಟು ಹಾಕಿದರೆ ಹೆಚ್ಚುತ್ತದೆಯೇ? ಕೆಂಪು ದೀಪ ಹತ್ತಿದ್ದುಂಟೇ? ಬಿಸಿಯ ಮುಳ್ಳು ಏರಿದ್ದುಂಟೇ? ಲೈಟು ಹಾಕಿದೊಡನೆ ಕೂಗು ಹೆಚ್ಚಿತು. ಡೈನಮೊದ ಮೇಲೆ ಭಾರ ಬಿದ್ದಾಗ ಬೆಲ್ಟು ಜಾರುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಬಳಿಕ ಇಂಜಿನ್ ನಿಲ್ಲಿಸಿ, ಕೀಲಿಕೈಯನ್ನು ತೆಗೆದು ನಮ್ಮ ಕೈಗೆ ಕೊಟ್ಟು, ಬೆಲ್ಟಿನ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರು. ಅರ್ಧ ಇಂಚು ಬಾಗಬೇಕಾದುದು ಒಂದಿಂಚು ಬಾಗಿತು. ಬೆಲ್ಟಿನ ಮಗ್ಗುಲುಗಳು ಗಾಜಿನಂತೆ ಹೊಳೆಯುತ್ತಿದ್ದವು.

"ಅಜ್ಜಾರ, ಬೆಲ್ಟ್ ಒದರಿದ್ರ ಬರೇ ಬೆಲ್ಟಿಂದ ತಪ್ಪ ಅನಬ್ಯಾಡ್ರಿ. ಅದು ಏನೇನ ತಿರುಗಸ್ತೈತಿ, ಅದನ್ನ ಮದಲ ನೋಡೂನು" ಎಂದು ಬೆಲ್ಟನ್ನು ಕಳಚಿ, ಫ್ಯಾನನ್ನೂ ಡೈನಮೊದ ಗಾಲಿಯನ್ನೂ ಕೈಯಿಂದಲೇ ತಿರುಗಿಸಿದರು. ಬೇರಿಂಗು ಸವೆದಿದ್ದರೆ ಗರಗರ ಸದ್ದು ಬರಬೇಕು. ಹಿಡಿದು ಅಲುಗಿಸಿದರೆ ಗಾಲಿ ಓಲಾಡಬೇಕು. ಪಂಪಿನ ಕೆಳಗೆ ನೀರಿನ ಜಿನುಗು ಕಾಣಬೇಕು. ಮೂರೂ ಇರಲಿಲ್ಲ. ಹದಿನಾಲ್ಕು ಸಾವಿರದ ಲೆಕ್ಕದಲ್ಲಿ ಎರಡು ದೊಡ್ಡ ಬಾಬುಗಳು ಅಲ್ಲಿಯೇ ಬಿದ್ದುಹೋದವು.

ಆ ಅಳತೆಯ ಬೆಲ್ಟು ಅವರಲ್ಲಿ ಇರಲಿಲ್ಲ. ಹಳೆಯದರಲ್ಲಿ ನೂಲು ಎದ್ದಿರಲಿಲ್ಲ, ತುಂಡು ಕಿತ್ತಿರಲಿಲ್ಲ. ಅದನ್ನೇ ಮತ್ತೆ ಹಾಕಿ, ಡೈನಮೊದ ಬೋಲ್ಟನ್ನು ಸಡಿಲಿಸಿ, ಹೊರಕ್ಕೆ ಸರಿಸಿ ಬಿಗಿದರು. ಅತಿಯಾಗಿ ಬಿಗಿದರೆ ಸರಿಯಿರುವ ಬೇರಿಂಗೂ ಹಾಳಾಗುವುದೆಂದರು. ಕೂಗು ನಿಂತಿತು. ಮಜೂರಿ ನೂರು ರೂಪಾಯಿ. ಹೊರಡುವಾಗ ಹೇಳಿದ ಮಾತು ಇದು: "ಇಳಿಯೂದಕ್ಕ ಇದು ಸಾಕ್ರಿ. ಆದ್ರ ವಾಪಸ್ ಬರೂಮುಂದ ಈ ಬೆಲ್ಟ್ ಮ್ಯಾಲ ಘಟ್ಟ ಏರಬ್ಯಾಡ್ರಿ."

ಈ ಮಾತಿನ ಮರ್ಮ ಅರಬೈಲ್ ಘಟ್ಟದಲ್ಲಿ ತಿಳಿಯಿತು. ತಿರುವಿನ ಮೇಲೆ ತಿರುವು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹಸಿರು ಕಣಿವೆ. ಇಳಿಯುವಾಗ ಇಂಜಿನ್ ಭಾರ ಹೊರುವುದಿಲ್ಲ. ಬ್ರೇಕಿಗೆ ಮಾತ್ರ ಕೆಲಸ. ಎದುರಿಗೆ ಏರಿಬರುವ ಲಾರಿಗಳಾದರೋ ಆಮೆಯ ನಡಿಗೆಯಲ್ಲಿ ಬುಸುಗುಡುತ್ತಿದ್ದವು. ಏರುವಾಗ ವೇಗ ಕಡಿಮೆ, ಎದುರುಗಾಳಿ ಕಡಿಮೆ, ಇಂಜಿನ್ನಿನ ಬಿಸಿ ಮಾತ್ರ ಹೆಚ್ಚು; ಆಗ ಪಂಪು ಮತ್ತು ಫ್ಯಾನುಗಳೇ ಕಾಯಬೇಕು. ಜಾರುವ ಬೆಲ್ಟು ಕೈಬಿಡುವುದು ಅಂತಹ ಹೊತ್ತಿನಲ್ಲಿಯೇ. ಮಳೆಗಾಲದಲ್ಲಿ ಇಲ್ಲಿ ನಿಲ್ಲುವುದೂ ಸುಖವಲ್ಲ. 2021ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದು ಸಂಚಾರವೇ ಕಡಿದುಹೋಗಿತ್ತು.

ಘಟ್ಟದ ಕೆಳಗೆ ಸುಂಕಸಾಳ, ರಾಮನಗುಳಿಗಳಲ್ಲಿ ಗಂಗಾವಳಿಯು ಶಾಂತಳಾಗಿ ಹರಿಯುತ್ತಾಳೆ. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಯಲ್ಲಿ ಆಗ ಕರಿ ಈಶಾಡ ಮಾವಿನ ಕಾಲ. ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಎರಡು ದಿನ ಕಡಲು ಕಂಡು, ಬುಟ್ಟಿಯಲ್ಲಿ ಹಣ್ಣು ಕಟ್ಟಿಸಿಕೊಂಡೆವು. ಬಿಡಿಭಾಗಗಳ ಅಂಗಡಿಯಲ್ಲಿ ಬೆಲ್ಟು ಸಿಕ್ಕಿತು. ಅದರ ಬೆಲೆ ಆ ಮಾವಿನ ಬುಟ್ಟಿಗಿಂತಲೂ ಕಡಿಮೆ. ಹೊಸದನ್ನು ಹಾಕಿಸಿ, ಹಳೆಯದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೆವು. ಹೊಸ ಬೆಲ್ಟು ಸ್ವಲ್ಪ ಓಡಿದ ಮೇಲೆ ಹಿಗ್ಗುವುದರಿಂದ ಯಲ್ಲಾಪುರದಲ್ಲಿ ಅದೇ ಮೇಸ್ತ್ರಿಯವರಿಂದ ಮತ್ತೊಮ್ಮೆ ಬಿಗಿಸಿಕೊಂಡೆವು. ಅರಬೈಲನ್ನು ಏರುವಾಗ ಬಿಸಿಯ ಮುಳ್ಳು ಅರ್ಧವನ್ನು ದಾಟಲಿಲ್ಲ. ಕಾಲೇಜಿನ ಹಣವೂ ವೇಳೆಗೆ ಸರಿಯಾಗಿ ಸಂದಿತು.

ಗೃಹಸ್ಥ ಓದುಗರಿಗೆ ನಾಲ್ಕು ಮಾತು ಹೇಳುವುದು ಉಚಿತ. ತೇವದ ಕೂಗನ್ನು ತಾಳಿಕೊಳ್ಳಬಹುದು. ಸಡಿಲವನ್ನು ಬಿಗಿಸಿ ಕೆಲವು ದಿನ ದೂಡಬಹುದು. ಆದರೆ ನೂಲೆದ್ದ ಬೆಲ್ಟು, ಓಡುವಾಗ ಹತ್ತಿದ ಕೆಂಪು ದೀಪ, ಏರಿದ ಬಿಸಿಯ ಮುಳ್ಳು, ಗರಗರ ಎನ್ನುವ ಬೇರಿಂಗು, ಜಿನುಗುವ ಪಂಪು, ಇವುಗಳನ್ನು ಒಂದು ದಿನವೂ ಮುಂದೂಡಲಾಗದು. ಕೂಗು ಅಡಗಲೆಂದು ಬೆಲ್ಟಿಗೆ ಸಾಬೂನನ್ನೋ ಎಣ್ಣೆಯನ್ನೋ ಸವರಬಾರದು. ಎಣ್ಣೆ ತಗುಲಿದ ಬೆಲ್ಟು ಇನ್ನಷ್ಟು ಜಾರುತ್ತದೆ, ಬೇಗ ಹಾಳಾಗುತ್ತದೆ. ಹೊಸ ಕಾರುಗಳ ಅಗಲವಾದ ಗೀರುಬೆಲ್ಟಿಗೆ ಮೇಸ್ತ್ರಿಗಳು ನೀರು ಚಿಮುಕಿಸಿ ನೋಡುತ್ತಾರೆ. ಕೂಗು ಕ್ಷಣಕಾಲ ನಿಂತು ಮರಳಿದರೆ ಗಾಲಿಗಳ ಸಾಲು ತಪ್ಪಿದೆ. ಕೂಗು ಹೆಚ್ಚಿದರೆ ಬಿಗಿ ಸಾಲದು. ಅನೇಕ ಹೊಸ ಇಂಜಿನ್ನುಗಳ ಒಳಗೆ ಟೈಮಿಂಗ್ ಬೆಲ್ಟು ಎಂಬ ಇನ್ನೊಂದು ಇರುತ್ತದೆ. ಅದು ಸುಳಿವು ಕೊಡದೆಯೂ ಹರಿಯಬಹುದು, ಹರಿದರೆ ಇಂಜಿನ್ನಿಗೇ ಪೆಟ್ಟು. ಅದನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸತಕ್ಕದ್ದು. ಅಲ್ಲಿ ಉಳಿತಾಯದ ಮಾತಿಲ್ಲ.

ಇಂಜಿನ್ ತಿರುಗುತ್ತಿರುವಾಗ ಧೋತರದ ಚುಂಗು, ಶಲ್ಯ, ಸೀರೆಯ ಸೆರಗು ಅದರ ಹತ್ತಿರ ಸುಳಿಯಬಾರದು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ಯಾವ ಗ್ಯಾರೇಜಿನಲ್ಲಿಯೇ ಆಗಲಿ, ಲೆಕ್ಕ ಬರೆಯುವ ಮೊದಲು ಬೆಲ್ಟನ್ನು ಕಳಚಿ ಗಾಲಿಗಳನ್ನು ಕೈಯಿಂದ ತಿರುಗಿಸಿ ತೋರಿಸಿರೆಂದು ವಿನಯದಿಂದ ಕೇಳಬೇಕು. ಕೆಲಸ ಬಲ್ಲವರು ಅದಕ್ಕೆ ಬೇಸರಿಸುವುದಿಲ್ಲ.