ಅಂಗಳದ ಕೆಂಪು ಕಲೆ

1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಹುಟ್ಟುಹಾಕಿದ ಊರು ನಮ್ಮ ಕಣಗಿನಹಾಳ. ಇಲ್ಲಿನ ನಮ್ಮ ಮನೆಯ ಅಂಗಳದಲ್ಲಿ, ಹಳೆಯ ಕಾರು ನಿಲ್ಲುವೆಡೆ, ದಿನವೂ ಮುಂಜಾನೆ ರೂಪಾಯಿಯಗಲದ ಕೆಂಪು ಕಲೆಯೊಂದು ಕಾಣತೊಡಗಿತು.

"ಗಾಡಿ ಏನೋ ಸೋರತೈತಿ, ನೋಡಪಾ" ಎಂದಳು ಅವ್ವ.

ನೋಡಿದೆವು. ಪವರ್ ಸ್ಟಿಯರಿಂಗಿನ ಎಣ್ಣೆ ಡಬ್ಬಿಯಲ್ಲಿ ಕೆಳಗಿಳಿದಿತ್ತು, ತುಂಬಿದೆವು. ಹದಿನೈದು ದಿನಕ್ಕೊಮ್ಮೆ ತುಂಬುವುದೇ ರೂಢಿಯಾಯಿತು. ಸ್ಟಿಯರಿಂಗ್ ಹೊರಳಿಸಿದಾಗ ಪಂಪು ನರಳುವ ಸದ್ದು ಕೇಳಿಯೂ ಕೇಳದಂತಿದ್ದೆವು. ದುಡ್ಡಿನ ಅಡಚಣೆಯಲ್ಲ, ಬರೀ ಆಲಸ್ಯ.

ಒಂದು ಸಂಜೆ ಅವ್ವನ ಕಣ್ಣು ತೋರಿಸಲು ಗದಗಿಗೆ ಹೊರಟಾಗ, ತಿರುವಿನಲ್ಲಿ ಸ್ಟಿಯರಿಂಗ್ ಕಲ್ಲಿನಂತಾಯಿತು. ಎದುರಿಗೆ ಹೊಟ್ಟು ಹೇರಿದ ಚಕ್ಕಡಿ. ಎಲ್ಲವೂ ಮುರಿದುಹೋಯಿತೆಂದು ಭ್ರಮಿಸಿ ಒಂದು ಕ್ಷಣ ಕೈಯನ್ನೇ ಬಿಟ್ಟೆವು. ಅವ್ವ ಚೀರಿದಳು. ಎಚ್ಚೆತ್ತು ಬ್ರೇಕೊತ್ತಿ, ಎರಡೂ ಕೈಗಳಿಂದ ಬಲವಾಗಿ ಎಳೆದಾಗ ಚಕ್ರಗಳು ಹೊರಳಿದವು. ಎತ್ತುಗಳಿಗೂ ನಮಗೂ ಮೊಳದಂತರ ಉಳಿದಿತ್ತು.

ಗದಗಿನ ಮೇಸ್ತ್ರಿ ಸೀಳಿದ ರಬ್ಬರ್ ಪೈಪನ್ನು ಬಿಚ್ಚಿ ತೋರಿಸಿದ. "ಎಣ್ಣಿ ಹಾಕಿದ್ರ ಸಾಕೇನ್ರೀ? ಎಲ್ಲಿ ಸೋರತೈತಿ ನೋಡಬೇಕಲ್ರೀ!"

ಇಂಜಿನ್ನು ಬೆಲ್ಟಿನ ಮೂಲಕ ಪಂಪನ್ನು ತಿರುಗಿಸುತ್ತದೆ. ಆ ಪಂಪು ಒತ್ತುವ ಎಣ್ಣೆಯೇ ನಮ್ಮ ತೋಳಿಗೆ ನೆರವು. ಎಣ್ಣೆ ಬರಿದಾದರೆ ನೆರವು ನಿಲ್ಲುವುದೇ ಹೊರತು, ಸ್ಟಿಯರಿಂಗಿಗೂ ಚಕ್ರಕ್ಕೂ ಇರುವ ಉಕ್ಕಿನ ಕೊಂಡಿ ಕಳಚುವುದಿಲ್ಲ. ಇಷ್ಟನ್ನು ಮೊದಲೇ ಅರಿತಿದ್ದರೆ ನಾವು ಕೈಬಿಡುತ್ತಿರಲಿಲ್ಲ. ಈಗಿನ ಹೊಸ ಕಾರುಗಳಲ್ಲಿ ಬಹುಪಾಲಿನವಕ್ಕೆ ವಿದ್ಯುತ್ ಮೋಟಾರೇ ನೆರವಾಗುವುದರಿಂದ ಈ ಎಣ್ಣೆಯ ಗೊಡವೆಯಿಲ್ಲ. ಆದರೆ ನಮ್ಮಂತೆ ಹಳೆಯ ಗಾಡಿಯನ್ನು ನಂಬಿದ ಬಂಧುಗಳು ಇನ್ನೂ ಅನೇಕರಿದ್ದಾರೆ.

ಪೈಪು ಬದಲಾಯಿತು, ಅಂಗಳದ ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಿಲ್ಲ. ಅವ್ವ ಈಗಲೂ ಕಸ ಗುಡಿಸುವ ಮುನ್ನ ಕನ್ನಡಕವೇರಿಸಿ ಕಾರಿನಡಿ ಬಗ್ಗಿ ನೋಡುತ್ತಾಳೆ.