ನಡಿಗೆಯ ಸಾಕ್ಷಿ

ಗೋಕಾಕದ ಸಂತೆಗೆ ಮೂಡಲಗಿ, ಹುಕ್ಕೇರಿಗಳ ಕಡೆಯಿಂದ ಬರುವವರ ನಡಿಗೆಯು ಒಂದೇ ಬಗೆಯದಲ್ಲ. ತಲೆಹೊರೆಗೆ ಒಗ್ಗಿದವಳು ಬರಿದಲೆಯಲ್ಲಿಯೂ ಕತ್ತನ್ನು ಅಲುಗಿಸಳು. ಅದು ಬರಿಯ ರೂಢಿ. ಸುಶ್ರುತಸಂಹಿತೆಯ ಕಲಾಯಖಂಜವಾದರೋ ರೋಗ. ಹೆಜ್ಜೆಯೆತ್ತುವಾಗಲೇ ಮೈ ನಡುಗಿ ಕಾಲು ಕುಂಟುವದು. ಈ ಭೇದವನ್ನು ಮನೆಯವರೇ ಮೊದಲು ಅರಿಯಬೇಕು. ಆದರೆ ನಿತ್ಯವೂ ನೋಡುವವರಿಗೆ ಅದು ತೋರುವದಿಲ್ಲ.

ಹುಕ್ಕೇರಿಯ ಮುದುಕರೊಬ್ಬರು ಬಲಗಾಲನ್ನು ಎಳೆದು ನಡೆಯುತ್ತಿದ್ದರು, ಬಲಗೈ ಬೀಸುತ್ತಿರಲಿಲ್ಲ. “ಅಪ್ಪಾರ, ಕಾಲ ಎತ್ತಿ ನಡೀರಿ” ಎಂದು ಮಗನು ಗದರಿಸುವನು. ಕೆರ ಹೊಲಿಯುವವನು ಬಲಗಾಲಿನ ಕೆರದ ತುದಿಯಷ್ಟೇ ಸವೆದುದನ್ನು ಅವನಿಗೆ ತೋರಿಸಿದನು: “ಇದು ಮೈಗಳ್ಳತನ ಅಲ್ರಿ, ಸಾಹೇಬರ.” ಕೈ ಇನ್ನೂ ನಡುಗಿರಲಿಲ್ಲ, ಆದರೂ ವೈದ್ಯರು ಕಂಪವಾತವೆಂದರು. 1817ರಲ್ಲಿ ಇಂಗ್ಲಂಡದ ಜೇಮ್ಸ್ ಪಾರ್ಕಿನ್ಸನ್ನನು ಬಣ್ಣಿಸಿದ ರೋಗವೇ ಅದು. ಔಷಧದಿಂದ ನಡಿಗೆ ತುಸು ಸರಾಗವಾಗಿದೆ. ಮಗನು ಈಗ ತಂದೆಯ ಬಲಕ್ಕೆ, ಅವರ ಹೆಜ್ಜೆಗೆ ಹೆಜ್ಜೆಯಿಟ್ಟು ನಡೆಯುತ್ತಾನೆ.